ಕನ್ನಡದೊಳಗ ಪೌಂಡ್ ಹೆಂಗ ಬಂತು?

ಅಪ್ಪ ದಿನಾ ಬೆಳಿಗ್ಗೆ ಕಂಪ್ಯೂಟರಿನ ಬಟನ್ ಒತ್ತಿಯೇ ಜಳಕಕ್ಕೆ ಹೋಗುತ್ತಾರೆ. ಜಳಕ, ಪೂಜೆ, ನಾಷ್ಟಾ ಮುಗಿಸಿ ಬರುವಷ್ಟರಲ್ಲಿ ಪರದೆ ಮೇಲೆ ಐಕಾನ್‌ಗಳು ಮೂಡಿರುತ್ತವೆ. ಹಾಗಂತ ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಪರದೆ ಬೆಳ್ಳಗಾಗಿ 'ನಾಟ್ ರೆಸ್ಪಾಂಡಿಂಗ್' ಅನ್ನುತ್ತದೆ. ಅಪ್ಪ ರಿಟೈರ್ಡ್ ಮಾಸ್ತರು. ಕೇಳಿದ್ದಕ್ಕೆ ಉತ್ತರ ಕೊಡದ ಹುಡುಗರನ್ನು ಜೀವಮಾನವಿಡೀ ನೋಡಿದವರು. ಆದರೂ ಈ ಡಬ್ಬಿಯ ಮುಂದೆ ಸೋತಿದ್ದರು.

ಧಾರವಾಡದಲ್ಲಿ ಸಲಹೆಗೆ ಬರವೇ? 'ವೈರಸ್ ಹೊಕ್ಕಾವ್ರೀ' ಎಂದರು ಬಾಜೂ ಮನೆಯವರು. 'ಈ ಸಲ ಖಂಡೇಪೂಜಿಗೆ ಇದರ ಮುಂದ ಕಾಯಿ ಒಡೀಲಿಲ್ಲ, ಅದಕ್ಕ' ಎಂದಳು ಅವ್ವ. ಕೊನೆಗೆ ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಓದುವ ಅಕ್ಕನ ಮಗ ಒಂದು ರವಿವಾರ ಚಿಗರಿ ಬಸ್ ಹತ್ತಿ ಬಂದ.

'ಮಾಮಾ, ರಿಸೆಟ್ ಹೊಡ್ಯೂಣು. ತಂದಾಗ ಹೆಂಗಿತ್ತೋ ಹಂಗ ಆಗ್ತೈತಿ.'

ಅಪ್ಪನಿಗೆ ಇದೇ ಮಾತು ಚುಚ್ಚಿತು. ತಂದಾಗ ಅದರಲ್ಲಿದ್ದದ್ದು ವಿಂಡೋಸ್ 8. ಸ್ಟಾರ್ಟ್ ಬಟನ್ನೇ ಇಲ್ಲದ, ಬಣ್ಣಬಣ್ಣದ ಚೌಕಗಳ ವಿಂಡೋಸ್. 2015ರಲ್ಲಿ ವಿಂಡೋಸ್ 10 ಪುಕ್ಕಟೆ ಸಿಕ್ಕಾಗ ಅಪ್ಪ ನಿಟ್ಟುಸಿರು ಬಿಟ್ಟಿದ್ದರು. 'ಆ ಚೌಕ ಚೌಕದ್ದು ಮತ್ತ ಬರತೈತೇನೋ?'

'ಇಲ್ಲಜ್ಜಾ. ಈಗಿರೋ ವಿಂಡೋಸ್ ಹತ್ತನ್ನ ಹೊಸದಾಗಿ ಹಾಕ್ಕೋತೈತಿ, ಅಷ್ಟ.'

ಸೆಟ್ಟಿಂಗ್ಸ್‌ನಲ್ಲಿ ರಿಕವರಿ, ಅದರಲ್ಲಿ 'ರಿಸೆಟ್ ದಿಸ್ ಪಿಸಿ'. ನಿಮ್ಮ ಫೈಲ್ ಉಳಿಸಲೋ, ಎಲ್ಲ ಅಳಿಸಲೋ ಎಂದು ಕೇಳಿತು. ಉಳಿಸು ಎಂದೆವು. ಹೊಸ ವಿಂಡೋಸನ್ನು ಇಂಟರ್ನೆಟ್‌ನಿಂದ ಇಳಿಸಲೋ, ಇಲ್ಲೇ ಇರುವುದರಿಂದ ಕಟ್ಟಲೋ ಎಂದಿತು. ಇಳಿಸುವುದಾದರೆ ಹೆಚ್ಚುಕಡಿಮೆ 4 ಜಿಬಿ ಬೇಕು. ಇಲ್ಲೇ ಕಟ್ಟಪ್ಪಾ ಎಂದೆವು.

ನಡುವೆ ಕರೆಂಟ್ ಹೋದರೆ? ನಮ್ಮ ಕಂಪ್ಯೂಟರಿನ ಪ್ಲಗ್ಗಿಗೆ ಇನ್ವರ್ಟರ್ ಸಂಪರ್ಕ ಇಲ್ಲ, ಟಿವಿಯ ಪ್ಲಗ್ಗಿಗೆ ಇದೆ. ಹುಡುಗ ಟಿವಿಯ ವಾಯರ್ ಕಿತ್ತು, ಅಲ್ಲಿಂದ ಎಕ್ಸ್‌ಟೆನ್ಷನ್ ಬೋರ್ಡ್ ಎಳೆದ. ಮಧ್ಯಾಹ್ನದ ಸೀರಿಯಲ್ಲಿನ ಮರುಪ್ರಸಾರ ತಪ್ಪಿದ ಅವ್ವ ವಾಯರು ದಾಟಿ ದಾಟಿ ಬಂದು 'ಎಷ್ಟಾತು?' ಎಂದು ಕೇಳುತ್ತಿದ್ದಳು. ಅದರಲ್ಲಿ ಕಾಳಜಿ ಎಷ್ಟು, ಸಿಟ್ಟೆಷ್ಟು ಅಂತ ನಾನು ಹೇಳಲಾರೆ. ಪರ್ಸೆಂಟು ಮೊದಮೊದಲು ಸರಸರ ಏರಿತು. ಆಮೇಲೆ ಒಂದು ಕಡೆ ಕೂತಿತು ನೋಡಿ, ಊಟವಾಯಿತು, ನಿದ್ದೆಯಾಯಿತು, ಏಳಲಿಲ್ಲ. ಹುಡುಗ ಮಾತ್ರ ಆರಾಮವಾಗಿ ಗಿರ್ಮಿಟ್ ತಿನ್ನುತ್ತಿದ್ದ.

ಚಹಾದ ಹೊತ್ತಿಗೆ ಎದ್ದಿತು. ಬಟನ್ ಒತ್ತಿದರೆ ಚಕ್ಕಂತ ಓಪನ್ನು! ಅಪ್ಪನ ಮುಖ ಅರಳಿತು. ಡೆಸ್ಕ್‌ಟಾಪಿನಲ್ಲಿ ಒಂದು ಹೊಸ ಫೈಲಿತ್ತು. ವಿಂಡೋಸ್ ತಾನು ತೆಗೆದುಹಾಕಿದ ಆ್ಯಪ್‌ಗಳ ಹೆಸರನ್ನೆಲ್ಲ ಅದರಲ್ಲಿ ಬರೆದಿಟ್ಟಿತ್ತು. ಕಳ್ಳ ಮನೆ ದೋಚಿ, ಒಯ್ದ ಸಾಮಾನಿನ ಯಾದಿಯನ್ನು ಬಾಗಿಲಿಗೆ ಅಂಟಿಸಿ ಹೋದ ಹಾಗೆ. ಪ್ರಿಂಟರಿನ ಸಾಫ್ಟ್‌ವೇರ್, ವರ್ಡ್, ಕೆಳಗೆ ಕನ್ನಡ ಟೈಪ್ ಮಾಡುವ 'ನುಡಿ' ಸಾಫ್ಟ್‌ವೇರ್.

ಅಪ್ಪ ಮೊದಲು ತೆರೆದದ್ದು ತಮ್ಮ ಉಪನ್ಯಾಸದ ಫೈಲು. ವರ್ಡ್ ಇಲ್ಲವಲ್ಲ, ವರ್ಡ್‌ಪ್ಯಾಡಿನಲ್ಲಿ ತೆರೆಯಿತು. ಪುಟದ ತುಂಬ ಇಂಗ್ಲಿಷ್ ಅಕ್ಷರ. ಅರ್ಧಕ್ಕರ್ಧ 'ಎ'ಗಳ ತಲೆ ಮೇಲೆ ಒಂದೊಂದು ಓರೆ ಗೀಟು. ಅಲ್ಲಲ್ಲಿ ಪೌಂಡಿನ ಗುರುತು.

'ಇದ್ಯಾವ ಭಾಷೆಯೋ?'

'ನಿಮ್ಮ ಕನ್ನಡನ ಅಜ್ಜಾ.'

'ಇಂಗ್ಲಿಷರು ಹೋಗಿ ಎಷ್ಟು ವರ್ಷಾತು? ಕನ್ನಡದೊಳಗ ಪೌಂಡ್ ಹೆಂಗ ಬಂತು?'

ಮಾಸ್ತರಿಗೆ ಪಾಠ ಮಾಡುವ ಅವಕಾಶ ಸಿಕ್ಕಿದರೆ ಯಾವ ಮೊಮ್ಮಗ ಬಿಡುತ್ತಾನೆ? ನುಡಿಯ ಹಳೇ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದಾರೆ. ಫೈಲಿನಲ್ಲಿ ಉಳಿಯುವುದು ಇಂಗ್ಲಿಷಿನ ಸಂಕೇತ ಮಾತ್ರ. ಫಾಂಟಿದ್ದರೆ 'ಕನ್ನಡ', ಇಲ್ಲದಿದ್ದರೆ ಅದೇ ಪದದ ನಡುವೆ ಪೌಂಡು. ಲಿಪಿ ಲಿಪಿಗೂ ಬೇರೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಾದರೆ ಕನ್ನಡಕ್ಕೆಂದೇ 128 ಜಾಗ ಮೀಸಲಿವೆ, ಅದರಲ್ಲಿ ಬರೆದದ್ದು ಹೀಗೆ ಹಾಳಾಗುವುದಿಲ್ಲ. 'ಕನ್ನಡ ತೋರಿಸ್ಲಿಕ್ಕೆ ವಿಂಡೋಸ್ ಒಳಗ ನಿರ್ಮಲಾ ಅದಾಳ ಅಜ್ಜಾ' ಎಂದ.

'ಯಾವ ನಿರ್ಮಲಾ?' ಅಡಿಗೆಮನೆಯಿಂದ ಅವ್ವ ಕೇಳಿದಳು.

ಫಾಂಟಿನ ಹೆಸರು ಎಂದು ತಿಳಿಸಿ ಹೇಳುವಷ್ಟರಲ್ಲಿ ಕಂಪ್ಯೂಟರು ಮತ್ತೆ ಕುಂಟತೊಡಗಿತ್ತು. ಒಳಗೊಳಗೇ ಅಪ್‌ಡೇಟ್ ಇಳಿಯುತ್ತಿದ್ದವು. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100 ಪರ್ಸೆಂಟ್ ಎಂದು ಕೆಂಪಗೆ ತೋರಿಸುತ್ತಿತ್ತು. ನುಡಿ ಇಳಿಸುವುದು ಅಲ್ಲಿಗೇ ನಿಂತಿತು. ತಪ್ಪು ವಿಂಡೋಸಿನದಲ್ಲ, ಹಾರ್ಡ್‌ಡಿಸ್ಕಿನದು, ಎಷ್ಟು ರಿಸೆಟ್ ಹೊಡೆದರೂ ಅದಕ್ಕೆ ವಯಸ್ಸು ಇಳಿಯುವುದಿಲ್ಲ ಎಂದು ಹುಡುಗ ಹೇಳಿ, ಕೊನೆಯ ಬಸ್ಸಿಗೆ ಹೋದ. ಇದನ್ನು ಬೆಳಿಗ್ಗೆಯೇ ಹೇಳಬಹುದಿತ್ತಲ್ವಾ? ಗಿರ್ಮಿಟ್ ಉಳಿಯುತ್ತಿತ್ತು.

ಮುಂದಿನ ವಾರ ಡಬ್ಬಿಯನ್ನು ಹುಬ್ಬಳ್ಳಿಗೆ ಒಯ್ದೆವು. ಅಂಗಡಿಯವನು ಪಕ್ಕದ ಮುಚ್ಚಳ ಬಿಚ್ಚಿದ. ಫ್ಯಾನಿಗೆ ಧೂಳು ಗಟ್ಟಿಯಾಗಿ ಹತ್ತಿತ್ತು. ಕೆಳಗೆ, ಹಿಂದಿನ ಖಂಡೇಪೂಜೆಗಳ ಅಕ್ಷತೆ. ಅರಿಷಿಣ ಮಾಸಿದ ಅಕ್ಕಿಕಾಳು, ಒಣಗಿದ ಚೆಂಡು ಹೂವಿನ ಎಸಳು. ಬ್ರಷ್ ಹಿಡಿದವನು ಒಮ್ಮೆ ಅಪ್ಪನ ಕಡೆ ನೋಡಿ, ಆಮೇಲೆ ಕಾಳನ್ನೆಲ್ಲ ಒಂದು ಕಾಗದದ ಮೇಲೆ ಬೇರೆ ತೆಗೆದಿಟ್ಟ.

'ನಿಮ್ಮ ಡಿಸ್ಕ್ ನಿಮಿಷಕ್ಕ 7200 ಸಲ ತಿರಗತೈತ್ರಿ. ಎಸ್‌ಎಸ್‌ಡಿ ಅಂತ ಬ್ಯಾರೆ ನಮೂನಿ ಡಿಸ್ಕ್ ಐತ್ರಿ, ಅದರೊಳಗ ತಿರಗೂದ ಇಲ್ಲ, ಅದಕ್ಕ ಫಾಸ್ಟ್' ಎಂದ.

'ಅಡ್ಡಾಡದಾವ್ರ ಮುಂದ ಹೋಗ್ತಾರಂತ' ಎಂದು ಅಪ್ಪ ನನ್ನ ಕಡೆ ನೋಡಿದರು. ಏಕೋ ಗೊತ್ತಿಲ್ಲ.

ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೇ ಕಂಪನಿಯ ಸಪೋರ್ಟ್ ಮುಗಿದಿದೆ, ನಿಮ್ಮ ಹಳೇ ಪ್ರೊಸೆಸರಿಗೆ ವಿಂಡೋಸ್ 11 ನಡೆಯುವುದಿಲ್ಲ ಎಂದೂ ಅವನು ಎಚ್ಚರಿಸಿದ. ಅಪ್ಪ ಕೈ ಆಡಿಸಿದರು. 'ನಾನೂ ರಿಟೈರ್ ಆದಾಂವನ. ನಡೀತೈತಿ ಬಿಡ್ರಿ.'

ಹೊಸ ಡಿಸ್ಕ್ ಬಂದ ಮೇಲೆ ನುಡಿ ಒಂದೇ ಏಟಿಗೆ ಕೂತಿತು. ಫೈಲು ತೆರೆದರೆ ಪೌಂಡೆಲ್ಲ ಕರಗಿ ಪುಟದ ತುಂಬ ಕನ್ನಡ. ನಾವು ಚಪ್ಪಾಳೆ ತಟ್ಟಿದೆವು. ಅಪ್ಪ ಕನ್ನಡಕ ಏರಿಸಿ ಮೊದಲ ಸಾಲಿನ ಮೇಲೆ ಬೆರಳಿಟ್ಟರು.

'ಎಲ್ಲಾ ತಗದು ಹೊಸಾದು ಹಾಕೇನಿ ಅಂದ್ಯಲ್ಲೋ. ಈ ಅಲ್ಪಪ್ರಾಣದ ತಪ್ಪು ಹಂಗ ಐತಲ್ಲ?'