ಸೂರು ವೇದಿಕೆಗೆ, ಬಿಸಿಲು ಓಟಗಾರನಿಗೆ

ವಿಶ್ವ ಒಳಾಂಗಣ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ದಾವಣಗೆರೆಯಲ್ಲಿ ನಡೆಯಬೇಕು. ಇದನ್ನು ಯಾರೂ ಕೇಳಿಲ್ಲ, ಯಾರೂ ಭರವಸೆ ಕೊಟ್ಟಿಲ್ಲ. ಹಾಗಾಗಿ ಈ ಬೇಡಿಕೆಗೆ ಇನ್ನೂ ಯಾವ ಕಳಂಕವೂ ಅಂಟಿಲ್ಲ. ನನ್ನ ಕಾರಣ ಒಂದೇ. ಆ ಕೂಟದಲ್ಲಿ ಓಡುವವರ ತಲೆಯ ಮೇಲೆ ಸೂರು ಇರುತ್ತದೆ. ನಮ್ಮ ಕಡೆಯ ಕ್ರೀಡಾಕೂಟಗಳಲ್ಲಿ ಸೂರು ಇರುವುದು ಓಡದವರಿಗೆ.

ನಂಬದವರು ಯಾವುದಾದರೂ ಕೂಟದ ಉದ್ಘಾಟನೆಗೆ ಹೋಗಿ ನಿಂತುಕೊಳ್ಳಲಿ. ಬೆಳಿಗ್ಗೆ ಏಳಕ್ಕೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿರುತ್ತಾರೆ. ಸುಣ್ಣದ ಪುಡಿಯಲ್ಲಿ ಎಳೆದ ಗೆರೆಗಳು ಗಾಳಿಗೆ ಅರ್ಧ ಹಾರಿಹೋಗಿರುತ್ತವೆ. ಮೈದಾನದ ಒಂದು ಬದಿಯಲ್ಲಿ ಶಾಮಿಯಾನ, ಅದರಡಿ ವೇದಿಕೆ, ವೇದಿಕೆಯ ಮೇಲೆ ಬಿಳಿ ಬಟ್ಟೆ ಹೊದಿಸಿದ ಎರಡು ಸಾಲು ಕುರ್ಚಿ, ಕುರ್ಚಿಗೊಂದು ನೀರಿನ ಬಾಟಲಿ. ಅತಿಥಿಗಳು ‘ದಾರಿಯಲ್ಲಿದ್ದಾರೆ’. ಹತ್ತೂವರೆಗೆ ಅವರು ಬರುವ ಹೊತ್ತಿಗೆ ಪಥಸಂಚಲನದ ಸಾಲಿನಲ್ಲಿ ಒಬ್ಬ ಹುಡುಗಿ ತಲೆ ಸುತ್ತಿ ಕುಳಿತಿರುತ್ತಾಳೆ. ಪಿ.ಟಿ. ಮೇಷ್ಟ್ರು ಅವಳಿಗೆ ನೀರು ಹುಡುಕುತ್ತಾ ವೇದಿಕೆಯ ಕಡೆ ನೋಡುತ್ತಾರೆ, ಮತ್ತೆ ಬೇರೆ ಕಡೆ ನೋಡುತ್ತಾರೆ. ಆಮೇಲೆ ಮುಖ್ಯ ಅತಿಥಿಗಳು ‘ಕ್ರೀಡೆಯಿಂದ ಆರೋಗ್ಯ’ ಎಂಬ ವಿಷಯವಾಗಿ ಮುಕ್ಕಾಲು ಗಂಟೆ ಮಾತನಾಡುತ್ತಾರೆ.

ಒಳಾಂಗಣ ಅಥ್ಲೆಟಿಕ್ಸ್ ಚಳಿ ದೇಶದವರ ಉಪಾಯ. ಹೊರಗೆ ಹಿಮ ಬೀಳುವಾಗ ಓಡುವುದೆಲ್ಲಿ ಎಂದು ಯೋಚಿಸಿ, ಮಾಡಿನ ಕೆಳಗೆ 200 ಮೀಟರ್ ಸುತ್ತಳತೆಯ ಟ್ರ್ಯಾಕ್ ಹಾಕಿಕೊಂಡರು. 1985ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಒಳಾಂಗಣ ಕ್ರೀಡಾಕೂಟವೆಂದು ಶುರುವಾಗಿ, 1987ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್ ಎನಿಸಿಕೊಂಡಿತು. ಹೆಚ್ಚು ಕಡಿಮೆ ನಮ್ಮ ದುಗ್ಗಮ್ಮನ ಜಾತ್ರೆಯ ಹಾಗೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಬರುವುದು ಸಾಮಾನ್ಯವಾಗಿ ಮಾರ್ಚ್ ತಿಂಗಳಲ್ಲಿ. ಆಗ ಅಲ್ಲಿ ಚಳಿ, ಇಲ್ಲಿ ಮಂಡಕ್ಕಿ ಭಟ್ಟಿಯ ಒಳಗೂ ಹೊರಗೂ ಒಂದೇ ಕಾವು. ಸೂರು ಅವರಿಗಿಂತ ನಮಗೇ ಹೆಚ್ಚು ಬೇಕು.

ಆದರೆ ಆತಿಥ್ಯ ನಮಗೇ ಸಿಕ್ಕಿತೆಂದುಕೊಳ್ಳಿ. ಸ್ವಾಗತ ಸಮಿತಿಯ ಪೂರ್ವಭಾವಿ ಸಭೆ ಬೆಣ್ಣೆ ದೋಸೆಯೊಂದಿಗೆ ಆರಂಭವಾಗುತ್ತದೆ. ದೋಸೆ ಮುಗಿದು, ನರ್ಗಿಸ್ ಮಂಡಕ್ಕಿ ಬರುವವರೆಗಿನ ಬಿಡುವಿನಲ್ಲಿ ನಿಯಮಗಳನ್ನು ಓದಿ ಹೇಳುವ ಹೊಣೆ ನಿವೃತ್ತ ದೈಹಿಕ ಶಿಕ್ಷಕರೊಬ್ಬರ ಮೇಲೆ ಬೀಳುತ್ತದೆ.

ಒಳಾಂಗಣದಲ್ಲಿ ನೂರು ಮೀಟರ್ ಓಟವಿಲ್ಲ, ಅರವತ್ತು ಮೀಟರ್ ಮಾತ್ರ. 2018ರಲ್ಲಿ ಅಮೆರಿಕದ ಕ್ರಿಶ್ಚಿಯನ್ ಕೋಲ್ಮನ್ ಅದನ್ನು 6.34 ಸೆಕೆಂಡಿನಲ್ಲಿ ಓಡಿದರು. ಅಷ್ಟು ಹೊತ್ತಿನಲ್ಲಿ ನಮ್ಮ ನಿರೂಪಕರು ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂಬಷ್ಟನ್ನು ಹೇಳಿ ಮುಗಿಸಿರುತ್ತಾರೆ. ಆಸೀನರಾಗಿರುವವರು ಯಾರೆಂಬುದು ಇನ್ನೂ ಬಾಕಿ. ನಮ್ಮ ಜ್ಯೋತಿ ಯರ‍್ರಾಜಿ 2024ರಲ್ಲಿ ಟೆಹರಾನ್‌ನ ಏಷ್ಯನ್ ಒಳಾಂಗಣ ಕೂಟದಲ್ಲಿ ಐದು ಹರ್ಡಲ್‌ಗಳನ್ನು ದಾಟಿ 8.12 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಒಂದು ಶಾಲಿನ ಮಡಿಕೆ ಬಿಚ್ಚಿ, ಹೆಗಲಿಗೆ ಹಾಕಿ, ಛಾಯಾಗ್ರಾಹಕ ‘ಇನ್ನೊಮ್ಮೆ ಸಾರ್’ ಎನ್ನುವುದಕ್ಕೂ ಇದಕ್ಕಿಂತ ಜಾಸ್ತಿ ಹೊತ್ತು ಬೇಕು.

“ಇಷ್ಟು ಬೇಗ ಮುಗಿಯುವುದಾದರೆ ಜನ ಯಾಕೆ ಬರುತ್ತಾರೆ, ಮೇಷ್ಟ್ರೇ?” ಎಂದು ಅಧ್ಯಕ್ಷರು ಕೇಳುತ್ತಾರೆ.

“ಓಟ ನೋಡುವುದಕ್ಕೆ ಸಾರ್.”

ಸಭೆಯಲ್ಲಿ ಯಾರಿಗೂ ಈ ಉತ್ತರ ಅರ್ಥವಾಗುವುದಿಲ್ಲ.

ಪಿಸ್ತೂಲಿನ ಸದ್ದಾದ ಮೇಲೆ ಸೆಕೆಂಡಿನ ಹತ್ತನೆಯ ಒಂದು ಭಾಗಕ್ಕಿಂತ ಮೊದಲು ಕದಲಿದರೆ ತಪ್ಪು ಆರಂಭ. 2010ರಿಂದ ಇಂಥ ಒಂದೇ ತಪ್ಪಿಗೆ ಓಟಗಾರ ಹೊರಗೆ. ಪಿಸ್ತೂಲು ಹಾರಿಸಬೇಕಾದವರು ಮೂರೂವರೆ ಗಂಟೆ ತಡವಾಗಿ ಬಂದರೆ ಏನು ಶಿಕ್ಷೆ ಎಂಬ ಬಗ್ಗೆ ನಿಯಮ ಪುಸ್ತಕ ಮೌನವಾಗಿದೆ. ಆ ದೇಶಗಳಲ್ಲಿ ಪಿಸ್ತೂಲು ಹಿಡಿಯುವುದು ತರಬೇತಿ ಪಡೆದ ಅಧಿಕಾರಿಯಂತೆ, ಗಣ್ಯರಲ್ಲವಂತೆ. ಈ ಸುದ್ದಿಗೆ ಸಭೆಯಲ್ಲಿ ಒಂದಿಬ್ಬರು ಕುರ್ಚಿಯಲ್ಲಿ ಮಿಸುಕುತ್ತಾರೆ.

200 ಮೀಟರ್ ಓಟವನ್ನು 2004ರ ನಂತರ ಈ ಚಾಂಪಿಯನ್‌ಷಿಪ್‌ನಿಂದಲೇ ಕೈಬಿಡಲಾಯಿತು. ಒಳಗಿನ ಲೇನಿನ ತಿರುವು ಬಹಳ ಬಿಗಿ, ಹೊರಗಿನ ಲೇನಿನದು ಸಲೀಸು. ಲೇನ್ ಹಂಚಿಕೆಯಲ್ಲೇ ಗೆಲುವು ಅರ್ಧ ತೀರ್ಮಾನವಾಗುತ್ತದೆ ಎಂಬುದು ಕಾರಣ. ಹಂಚಿಕೆ ನ್ಯಾಯವಾಗಿಲ್ಲವೆಂದು ಸ್ಪರ್ಧೆಯನ್ನೇ ನಿಲ್ಲಿಸುವ ಜನ! ನಮ್ಮಲ್ಲಿ ಆಹ್ವಾನ ಪತ್ರಿಕೆಯಲ್ಲಿ ಹೆಸರಿನ ಹಂಚಿಕೆಗಾದರೂ ಇಷ್ಟು ಮುತುವರ್ಜಿ ಇದೆ ಎಂದು ಸಮಾಧಾನಪಡಬೇಕು. ‘ಘನ ಉಪಸ್ಥಿತಿ’ಯಿಂದ ‘ವಿಶೇಷ ಆಹ್ವಾನಿತರು’ ಎಂಬಲ್ಲಿಗೆ ಇಳಿದವರು ಕಾರ್ಯಕ್ರಮಕ್ಕೇ ಬರುವುದಿಲ್ಲ. ಕೊನೆಯ ಸಾಲಿನಲ್ಲಿ ‘ಮತ್ತು ಕ್ರೀಡಾಪಟುಗಳು’ ಎಂದು ಇರುತ್ತದೆ, ಜಾಗ ಉಳಿದರೆ.

ಭರ್ಜಿ, ಡಿಸ್ಕಸ್, ಹ್ಯಾಮರ್ ಒಳಾಂಗಣದಲ್ಲಿ ಇಲ್ಲ, ಗೋಡೆಗಳಿವೆ. ಗುಂಡು ಎಸೆತ ಒಂದಿದೆ. ಗಂಡಸರ ಗುಂಡು 7.26 ಕಿಲೋ. ಇದೆಲ್ಲವನ್ನೂ ಕೇಳಿಯೂ ಸದಸ್ಯರೊಬ್ಬರು ‘ಹೇಗಿದ್ದರೂ ನಮ್ಮ ಊರಲ್ಲಿ ಗಾಜಿನ ಮನೆ ಇದೆಯಲ್ಲ, ಅಲ್ಲೇ ಮಾಡಿಬಿಡೋಣ’ ಎನ್ನುತ್ತಾರೆ. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ.

ಹೊಸ ಕಟ್ಟಡವೇ ಆಗಲಿ ಎಂದು ತೀರ್ಮಾನವಾಗುತ್ತದೆ. ತಡವಾದರೆ? ಅದಕ್ಕೂ ಪೂರ್ವನಿದರ್ಶನವಿದೆ: 2020ರಲ್ಲಿ ಚೀನಾದ ನಾನ್‌ಜಿಂಗ್‌ನಲ್ಲಿ ನಡೆಯಬೇಕಿದ್ದ ಚಾಂಪಿಯನ್‌ಷಿಪ್ ನಡೆದದ್ದು 2025ರಲ್ಲಿ. ಅಲ್ಲಿ ಕಾರಣ ಕೊರೊನಾ ಎಂದು ಮೇಷ್ಟ್ರು ವಿವರಿಸಿದರೂ, ಐದು ವರ್ಷ ಎಂಬ ಭಾಗವಷ್ಟೇ ನಡಾವಳಿಯಲ್ಲಿ ದಾಖಲಾಗುತ್ತದೆ.

ಇನ್ನು ನಕ್ಷೆ. ನಡುವೆ ಅರವತ್ತು ಮೀಟರಿನ ನೇರ ಓಟದ ದಾರಿ. ಗೆರೆ ದಾಟಿದವರು ಒಮ್ಮೆಗೇ ನಿಲ್ಲಲಾರರು, ಆದ್ದರಿಂದ ಅದರಾಚೆ ಖಾಲಿ ಜಾಗ, ಕೊನೆಯಲ್ಲಿ ಗುದ್ದಿದರೂ ಪೆಟ್ಟಾಗದ ದಪ್ಪ ಮೆತ್ತೆ. ಆ ಖಾಲಿ ಜಾಗದ ಮೇಲೆ ಎಲ್ಲರ ಕಣ್ಣೂ ಬೀಳುತ್ತದೆ. ವೇದಿಕೆಗೆ ಇದಕ್ಕಿಂತ ಪ್ರಶಸ್ತ ಸ್ಥಳ ಎಲ್ಲಿ ಸಿಗಬೇಕು? ಗೆದ್ದವನು ಓಡಿಬಂದ ರಭಸಕ್ಕೆ ನೇರವಾಗಿ ಗಣ್ಯರ ಪಾದಕ್ಕೇ ಬಂದು ಬೀಳುತ್ತಾನೆ. ಅಲ್ಲೇ ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟು ಕಳಿಸಬಹುದು. ಎರಡು ಸಾಲು ಕುರ್ಚಿ ಸಾಲದು, ನಾಲ್ಕಾಗಲಿ ಎಂದು ಇನ್ನೊಬ್ಬರು ತಿದ್ದುಪಡಿ ಸೂಚಿಸುತ್ತಾರೆ. ನಾಲ್ಕು ಸಾಲು ಹಾಕಿದರೆ ವೇದಿಕೆ ಓಟದ ದಾರಿಯೊಳಕ್ಕೆ ಇಪ್ಪತ್ತು ಮೀಟರ್ ಬರುತ್ತದೆ ಎಂದು ಮೇಷ್ಟ್ರು ಅಳೆದು ಹೇಳುತ್ತಾರೆ.

ಅರವತ್ತು ಮೀಟರ್ ಓಟವನ್ನು ನಲವತ್ತಕ್ಕೆ ಇಳಿಸಲು ಕೋರಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಗೆ ಪತ್ರ ಬರೆಯಲು ಸಭೆ ಸರ್ವಾನುಮತದಿಂದ ಒಪ್ಪುತ್ತದೆ. ಪತ್ರದಲ್ಲಿ ಯಾರ ಸಹಿ ಮೊದಲು ಬರಬೇಕೆಂಬ ಚರ್ಚೆ, ಮಂಡಕ್ಕಿ ಖಾಲಿಯಾದ ಮೇಲೂ ನಡೆಯುತ್ತದೆ.