ಆ ಹಳೆಯ ಡಯಲ್ ಎಲ್ಲಿ ಹೋಯಿತು?

ನಿನ್ನೆ ರಾತ್ರಿ ಒಂದು ಫೋಟೊ ನೋಡಿದೆ. ಆಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಬರೆದು ಹೊರಗೆ ಹಾಕದಿದ್ದರೆ ಇವತ್ತೂ ನಿದ್ದೆ ಬರುವುದಿಲ್ಲ.

ಫೋಟೊದಲ್ಲಿದ್ದದ್ದು ಗಡಿಯಾರ ತಯಾರಕ ಫ್ರಾಂಸ್ವಾ ಪೌಲ್ ಜೂರ್ನ್ ಅವರ ಆರಂಭದ ವರ್ಷಗಳ ಟೂರ್ಬಿಯೋನ್, ಅಂದರೆ ಕಾಲ ಅಳೆಯುವ ಚಕ್ರವನ್ನೇ ಪುಟ್ಟ ಪಂಜರದಲ್ಲಿಟ್ಟು ತಿರುಗಿಸುವ ಕೈಗಡಿಯಾರ. 38 ಮಿಲಿಮೀಟರಿನ ಪ್ಲಾಟಿನಂ ಕೇಸು, ಒಳಗೆ ಹಿತ್ತಾಳೆಯ ಯಂತ್ರ. ಇದೇ ವಾಚು ಹಿಂದಿನ ಮಾಲೀಕರ ಕೈಯಲ್ಲಿದ್ದಾಗ ಅದರ ಚಿತ್ರಗಳನ್ನು ನೋಡಿ, ಒಂದೊಂದೇ ವಿವರ ಬರೆದಿಟ್ಟುಕೊಂಡಿದ್ದೆ. ನನ್ನ ಆ ನೋಟ್‌ಬುಕ್ಕಿನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಆಗ ಡಯಲ್ಲಿನ ಅಂಚು ಸ್ವಲ್ಪ ಮಾಸಿತ್ತು. ಪಟ್ಟಿ ಸೇರುವ ಕಾಲುಗಳ ಏಣು ಚೂಪಾಗಿತ್ತು. ಈಗ ಡಯಲ್ ಬದಲಾಗಿದೆ. ಏಣುಗಳು ಚೀಪಿ ಬಿಟ್ಟ ಪೆಪ್ಪರ್‌ಮಿಂಟಿನ ಹಾಗೆ ಉರುಟಾಗಿವೆ. ಮೇಲೆ ಹೆಮ್ಮೆಯ ಸಾಲು: ‘ಹೊಸದರ ಹಾಗೆ ಮಾಡಿಸಿದ್ದೇನೆ.’

ಹೊಸದು ಬೇಕಿದ್ದರೆ ಹೊಸದನ್ನೇ ಕೊಳ್ಳಬಹುದಿತ್ತಲ್ಲ! ಹಳೆಯದನ್ನು ಹುಡುಕಿ, ಕಾದು, ಅಷ್ಟು ದುಡ್ಡು ಸುರಿದು ತಂದು, ಅದರಲ್ಲಿ ಹಳೆಯದಾಗಿದ್ದದ್ದನ್ನೇ ಉಜ್ಜಿ ತೆಗೆಸುವುದು ಯಾವ ಸಂಗ್ರಹ?

ಈ ವಾಚುಗಳು ಹುಟ್ಟಿದ ರೀತಿ ನೆನೆದರೆ ಸಿಟ್ಟು ಇನ್ನೂ ಏರುತ್ತದೆ. ಜೂರ್ನ್ 1957ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಹುಟ್ಟಿದ ಹುಡುಗ. ಅಲ್ಲಿನ ಗಡಿಯಾರ ಶಾಲೆಯಿಂದ ಹೊರಹಾಕಿದರು. ಪ್ಯಾರಿಸ್‌ನಲ್ಲಿ ಓದು ಮುಗಿಸಿ, ಪುರಾತನ ಗಡಿಯಾರಗಳನ್ನು ದುರಸ್ತಿ ಮಾಡುತ್ತಿದ್ದ ಚಿಕ್ಕಪ್ಪನ ಕೈಕೆಳಗೆ ಪಳಗಿದ. ಇನ್ನೂರು ವರ್ಷ ಹಿಂದಿನ ಕುಶಲಕರ್ಮಿಯ ಅರದ ಗುರುತನ್ನು ಓದುವುದು ಅವನಿಗೆ ಅಲ್ಲಿ ಸಿಕ್ಕ ಅಕ್ಷರಾಭ್ಯಾಸ. 1982ರ ಹೊತ್ತಿಗೆ ತನ್ನ ಮೊದಲ ಟೂರ್ಬಿಯೋನ್ ಜೇಬುಗಡಿಯಾರವನ್ನು ತಾನೇ ಮಾಡಿ ಮುಗಿಸಿದ್ದ. 1999ರಲ್ಲಿ ತನ್ನ ಹೆಸರಿನಲ್ಲಿ ಕೈಗಡಿಯಾರ ಹೊರತರುವಾಗ ಮುಂಗಡ ಹಣ ಕೊಟ್ಟು ನಂಬಿದವರಿಗಾಗಿ 20 ವಾಚುಗಳು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಹೆಸರಾಂತ ಗಡಿಯಾರ ತಯಾರಕ ಬ್ರೆಗೆ ಕೂಡ ಹೀಗೆಯೇ, ಬೆಲೆಯ ಕಾಲು ಭಾಗ ಮೊದಲೇ ಪಡೆದು ಗಡಿಯಾರ ಮಾಡಿಕೊಡುತ್ತಿದ್ದ. ಜೂರ್ನ್ ವಾಚಿನ ಡಯಲ್ಲಿನ ಮೇಲೆ ಲ್ಯಾಟಿನ್‌ನಲ್ಲಿ ‘ಇನ್ವೆನಿಟ್ ಎಟ್ ಫೆಸಿಟ್’ ಎಂದಿದೆ. ಕಲ್ಪಿಸಿದವನೂ ಅವನೇ, ಮಾಡಿದವನೂ ಅವನೇ ಎಂದು ಅರ್ಥ. ಅಂಥ ಡಯಲ್ಲನ್ನು ಬಿಚ್ಚಿ ಪಕ್ಕಕ್ಕಿಟ್ಟಿದ್ದಾರೆ.

ಆ ಯಂತ್ರದ ಚೆಲುವೇ ಬೇರೆ. ಕೀಲಿ ಕೊಟ್ಟ ಹೊಸತರಲ್ಲಿ ದೊಡ್ಡ ಸ್ಪ್ರಿಂಗಿಗೆ ಬಲ ಹೆಚ್ಚು, ಬಿಚ್ಚುತ್ತ ಬಂದಂತೆ ಕಡಿಮೆ. ಬಲ ಏರುಪೇರಾದರೆ ಕಾಲವೂ ಏರುಪೇರು. ಅದಕ್ಕೆ ಜೂರ್ನ್ ನಡುವೆ ‘ರೆಮೊಂಟ್ವಾರ್’ ಎಂಬ ಸಣ್ಣ ಸ್ಪ್ರಿಂಗೊಂದನ್ನು ಕೂರಿಸಿದರು. ದೊಡ್ಡದು ಅದಕ್ಕೆ ಸೆಕೆಂಡಿಗೊಮ್ಮೆ ಬಲ ತುಂಬುತ್ತದೆ, ಅದು ಪ್ರತಿ ಸಲವೂ ಅಷ್ಟೇ ಅಳತೆಯನ್ನು ಮುಂದೆ ಬಿಡುತ್ತದೆ. ಕೆರೆಯ ನೀರು ಏರಲಿ ಇಳಿಯಲಿ, ತೂಬಿನಿಂದ ಹರಿಯುವುದು ಮಾತ್ರ ಒಂದೇ ಹದದಲ್ಲಿ. ಡಯಲ್ಲಿನ ಆರರ ಕಡೆ ಇರುವ ಕಿಂಡಿಯಲ್ಲಿ ಈ ಕೆಲಸ ಕಣ್ಣಿಗೇ ಕಾಣುತ್ತದೆ. ಒಂಬತ್ತರ ಕಡೆ ಟೂರ್ಬಿಯೋನ್ ತಿರುಗುತ್ತಿರುತ್ತದೆ, ಮೂರರ ಕಡೆ ಗಂಟೆ–ನಿಮಿಷದ ಪುಟ್ಟ ಬೆಳ್ಳಿ ಡಯಲ್ಲು, ಸುತ್ತ ಸ್ಕ್ರೂ ಹಾಕಿ ಕೂರಿಸಿದ ಉಕ್ಕಿನ ಬಳೆ. 2003ರಲ್ಲಿ ಈ ಮಾದರಿಯ ಜಾಗಕ್ಕೆ ಮುಂದಿನದು ಬಂತು. 2004ರಿಂದ ಯಂತ್ರಗಳೂ ಹಿತ್ತಾಳೆ ಬಿಟ್ಟು 18 ಕ್ಯಾರಟ್ ಗುಲಾಬಿ ಚಿನ್ನಕ್ಕೆ ಹೋದವು. ಇರುವಷ್ಟೇ ಇವೆ. ಇನ್ನೊಂದು ಹುಟ್ಟುವುದಿಲ್ಲ.

‘ವಾಚು ಇರುವುದು ಕಟ್ಟಲಿಕ್ಕೆ, ಗಾಜಿನ ಪೆಟ್ಟಿಗೆಯಲ್ಲಿ ಇಡಲಿಕ್ಕಲ್ಲ. ಗೀರು ಬಿದ್ದರೆ ತೆಗೆಸುವುದು ತಪ್ಪೇ? ದುಡ್ಡು ಕೊಟ್ಟವನ ಇಷ್ಟ’ ಎಂದು ಹೇಳುವವರಿದ್ದಾರೆ. ಕಟ್ಟಿ, ದಿನಾ ಕಟ್ಟಿ! ಗೀರು ಬೀಳಲಿ. ಎಣ್ಣೆ ಒಣಗುತ್ತದೆ, ಯಂತ್ರ ಬಿಚ್ಚಿ ತೊಳೆಸಿ ಮತ್ತೆ ಎಣ್ಣೆ ಬಿಡಿಸಲೇಬೇಕು, ಅದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಆದರೆ ಗೀರು ಬಿದ್ದಾಗ ಪ್ಲಾಟಿನಂ ಬಹುಪಾಲು ಅಲ್ಲೇ ಪಕ್ಕಕ್ಕೆ ಸರಿದಿರುತ್ತದೆ. ಪಾಲಿಶ್ ಚಕ್ರಕ್ಕೆ ಕೊಟ್ಟಾಗ ಲೋಹವೇ ಹೋಗುತ್ತದೆ. ಸ್ವಿಸ್ ಹಾಲ್‌ಮಾರ್ಕ್ ಆಗಿ ಒತ್ತುವ ಸೇಂಟ್ ಬರ್ನಾರ್ಡ್ ನಾಯಿಯ ಪುಟ್ಟ ತಲೆ ನಿನ್ನೆಯ ಫೋಟೊದಲ್ಲಿ ಬರೀ ಒಂದು ಮಸುಕು ಚುಕ್ಕೆ. ದುಡ್ಡು ಕೊಟ್ಟವನು ಅದನ್ನು ಮತ್ತೆ ತರಬಲ್ಲನೇ?

ಪಾಲಿಶ್ ಎಂಬ ಮಾತಿಗೇ ನೋವಾಗುವಂಥ ಕೆಲಸವಿದು. ಸ್ವಿಟ್ಜರ್ಲೆಂಡಿನ ವಾಲೆ ದ ಜೂ ಕಣಿವೆಯಲ್ಲಿ ಗಡಿಯಾರ ತಯಾರಕ ಫಿಲಿಪ್ ದ್ಯುಫೂರ್ ಕೂಡ ಪಾಲಿಶ್ ಮಾಡುತ್ತಾರೆ. ಜೆನ್ಷಿಯನ್ ಗಿಡದ ಒಣಕಡ್ಡಿ ಹಿಡಿದು ಯಂತ್ರದ ಅಂಚುಗಳನ್ನು ಕೈಯಲ್ಲೇ ತೀಡುತ್ತಾರೆ. ಎರಡು ಇಳಿಜಾರು ಒಳಮೂಲೆಯಲ್ಲಿ ಕೂಡುವ ಗೆರೆ ಕೂದಲಿನಷ್ಟು ಚೂಪಾಗಿ ನಿಲ್ಲುವವರೆಗೆ ಬಿಡುವುದಿಲ್ಲ. ಆ ಪಾಲಿಶ್ ಏಣನ್ನು ಹುಟ್ಟಿಸುತ್ತದೆ. ನಿನ್ನೆ ನಾನು ನೋಡಿದ್ದು ಏಣನ್ನು ತಿಂದುಹಾಕಿದ ಪಾಲಿಶ್.

ಇಷ್ಟು ಕೂಗಾಡುವ ನಾನೂ ಒಮ್ಮೆ ಇದೇ ತಪ್ಪು ಮಾಡಿದ್ದೇನೆ. ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಸಂಗ್ರಹದ ಹುಚ್ಚು ಹತ್ತಿದ ಹೊಸತರಲ್ಲಿ ಒಂದು ಸಾಧಾರಣ ಹಳೆಯ ಕೀಲಿ ವಾಚು ಕೊಂಡೆ. ಬೆನ್ನಿನಲ್ಲಿ ಯಾರದೋ ಹೆಸರು, ಕೆಳಗೊಂದು ತಾರೀಖು ಕೆತ್ತಿತ್ತು. ನನ್ನ ವಾಚಿನ ಮೇಲೆ ಬೇರೆಯವರ ಹೆಸರೇಕೆ ಎಂದು ಅಳಿಸಿಕೊಡಲು ಕೇಳಿದವನು ನಾನೇ. ರಿಪೇರಿಯವರು ಎರಡು ಸಲ ‘ಬೇಡ ಸರ್’ ಎಂದರು. ಕೇಳಲಿಲ್ಲ. ಈಗಲೂ ಓರೆ ಬೆಳಕಿಗೆ ಹಿಡಿದರೆ ಮೂರು ಅಕ್ಷರ ಕಾಣುತ್ತವೆ. ಉಳಿದದ್ದನ್ನು ಎಷ್ಟು ಹೊತ್ತು ನೋಡಿದರೂ ಓದಲಾಗುವುದಿಲ್ಲ. ಆ ಹೆಸರು ಯಾರದೆಂದು ತಿಳಿಯುವ ದಾರಿಯನ್ನು ನಾನೇ ಮುಚ್ಚಿದೆ. ನಿನ್ನೆಯ ಫೋಟೊ ಇಷ್ಟು ಚುಚ್ಚಿದ್ದು ಅದಕ್ಕೇ.

2024ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ ಜೂರ್ನ್ 1993ರಲ್ಲಿ ಮಾಡಿದ, ಅವರ ಎರಡನೆಯ ಕೈಗಡಿಯಾರ 73 ಲಕ್ಷ ಸ್ವಿಸ್ ಫ್ರಾಂಕ್ ದಾಟಿತು. ಅಂದಿನಿಂದ ಎಲ್ಲರ ಬಾಯಲ್ಲೂ ಆ ಅಂಕಿಯೇ. ಆ ವಾಚಿನ ಮೇಲೆ ಒಬ್ಬನೇ ಮನುಷ್ಯನ ಕೈ ಹೇಗೆಲ್ಲ ಓಡಿದೆ ಎಂದು ನೋಡಿದವರು ಎಷ್ಟು ಮಂದಿ? ಬೆಲೆ ಮಾತ್ರ ನೋಡಿ ಒಳಗೆ ಬಂದವರಿಗೆ ಮಾಸಿದ ಡಯಲ್ ಕೊರತೆಯಾಗಿ ಕಾಣುತ್ತದೆ. ನನಗೆ ಅಂಥ ವಾಚು ಕೊಳ್ಳುವ ಯೋಗವಿಲ್ಲ, ಅದರ ಬಗ್ಗೆ ದುಃಖವೂ ಇಲ್ಲ. ಇರುವವರು ಹಾಳುಮಾಡದೆ ಇಟ್ಟುಕೊಂಡರೆ ಸಾಕು, ನಾನು ಚಿತ್ರ ನೋಡಿಯೇ ತೃಪ್ತಿಪಡುತ್ತೇನೆ.

ಆ ಮಾಲೀಕರಿಗೆ ಬೆಳಿಗ್ಗೆ ಒಂದು ಸಂದೇಶ ಕಳಿಸಿದೆ. ಬೈಯಲಿಲ್ಲ. ‘ಸರ್, ತೆಗೆದ ಹಳೆಯ ಡಯಲ್ ನಿಮ್ಮ ಹತ್ತಿರ ಇದೆಯೇ? ಇದ್ದರೆ ದಯವಿಟ್ಟು ವಾಚಿನ ಪೆಟ್ಟಿಗೆಯಲ್ಲೇ ಇಡಿ, ಮಾರುವಾಗ ಜೊತೆಗೇ ಕೊಡಿ’ ಎಂದು ಬರೆದೆ. ಓದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.