ಉಂಗುರ ಬಿಟ್ಟು ಡಬ್ಬಿ ಹಿಡಿದವನು

ದಸರಾ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ನಾನು ಮತ್ತು ಮಂಚದ ಕೆಳಗಿನ ಸಾಮಾನು, ಇಬ್ಬರೂ ಸ್ವಲ್ಪ ಹೆದರಿಕೊಂಡೇ ಇರುತ್ತೇವೆ. ಹಾಸಿಗೆ, ಚಾದರ, ಕೌದಿ ಎಲ್ಲ ಒಗೆಯಲು ಹೊರಗೆ ಹೋಗುತ್ತವೆ. ಮಂಚ ಬೋಳಾಗುತ್ತದೆ. ವರ್ಷವಿಡೀ ಕೌದಿಯ ಅಂಚು ಮುಚ್ಚಿಟ್ಟದ್ದೆಲ್ಲ ಒಂದೇ ದಿನದಲ್ಲಿ ಬಯಲಿಗೆ ಬರುತ್ತದೆ. ಈ ಸಲ ಬಯಲಿಗೆ ಬಂದದ್ದು ಅಪ್ಪನ ತಗಡಿನ ಡಬ್ಬಿ.

"ಇದ್ರಾಗಿಂದು ಎಲ್ಲಾ ಮೋಡ್ಕಾದಾವ್ಗ ಹಾಕಿ ಬರ್ರಿ" ಎಂದಳು ಹೆಂಡತಿ. ಮೋಡ್ಕಾ ಅಂದರೆ ನಮ್ಮ ಕಡೆ ಗುಜರಿ. "ಡಬ್ಬಿ ಮಾತ್ರ ವಾಪಸ್ ತರ್ರಿ. ಸೂಜಿ-ದಾರ ಇಡಾಕ ಚೊಲೊ ಆಕ್ಕೈತಿ."

ಅಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಮುಂಜಾನೆ ಭೋಂಗಾ ಹೊಡೆಯುವ ಮೊದಲೇ ಸೈಕಲ್ ಹತ್ತುವವರು. ಕೆಲಸದಲ್ಲಿ ಜೀವನವಿಡೀ ಕಬ್ಬಿಣ ಹಿಡಿದರೂ ಅವರಿಗೆ ಕಬ್ಬಿಣದ ಆಸೆ ತೀರಿರಲಿಲ್ಲ. ರಸ್ತೆಯಲ್ಲಿ ಒಂದು ನಟ್ಟು ಕಂಡರೆ ಸೈಕಲ್ ನಿಲ್ಲಿಸುತ್ತಿದ್ದರು. ಬಗ್ಗಿ ಎತ್ತಿ, ಅಂಗಿಯ ತುದಿಗೆ ಒರೆಸಿ, ಕಿಸೆಗೆ ಹಾಕಿಕೊಂಡು "ಮುಂದ ಬೇಕಾಗ್ತೈತಿ" ಅನ್ನುತ್ತಿದ್ದರು. ಆ "ಮುಂದ" ಕೊನೆಗೂ ಬರಲಿಲ್ಲ ಅನ್ನಿ. ಡಬ್ಬಿಯೊಳಗೆ ಈಗಲೂ ವಾಷರುಗಳಿವೆ, ಸೈಕಲ್ ಬೆಲ್ಲಿನ ಮುಚ್ಚಳವಿದೆ, ಯಾವ ಕೀಲಿಯದೋ ಗೊತ್ತಿಲ್ಲದ ಮೂರು ಕೀಲಿಕೈ, ಅಲಾರಾಂ ಗಡಿಯಾರದ ಸ್ಪ್ರಿಂಗು, ಚಾಳೀಸಿನ ಒಂದು ಕಾಲು. ಕಾಲರ್ ಇರುವ ಒಂದು ನಟ್ಟೂ ಇದೆ. ಅದು ಅರ್ಧ ನಟ್ಟು, ಅರ್ಧ ವಾಷರು. ನಟ್ಟಿನ ಪೊಟ್ಟಣಕ್ಕೆ ಹಾಕಬೇಕೋ ವಾಷರಿನ ಪೊಟ್ಟಣಕ್ಕೆ ಹಾಕಬೇಕೋ ತಿಳಿಯದೆ ಅಪ್ಪ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡು ಕೂತಿದ್ದು ನನಗೆ ನೆನಪಿದೆ. ಕೊನೆಗೆ ಎರಡೂ ಪೊಟ್ಟಣಗಳ ನಡುವೆ ಬಿಡಿಯಾಗಿ ಇಟ್ಟರು.

"ನಾಳೆ ಹಾಕಿ ಬರ್ತೀನಿ" ಎಂದು ಡಬ್ಬಿಯನ್ನು ಬಾಗಿಲ ಹತ್ತಿರ ಇಟ್ಟೆ. ಅಂದೇ ರಾತ್ರಿ, ರಜೆಗೆ ಬಂದಿದ್ದ ಮಗಳು ಟಿವಿಯಲ್ಲಿ ವಾಲ್-ಇ ಹಾಕಿದಳು.

2008ರ ಕಾರ್ಟೂನ್ ಸಿನಿಮಾ. ಪಿಕ್ಸಾರ್‌ದು. ಮಗಳು ಚಿಕ್ಕವಳಿದ್ದಾಗ ನಾನು ಇದನ್ನು ತುಣುಕು ತುಣುಕಾಗಿ ನೋಡಿದ್ದೆ, ಪೂರ್ತಿ ನೋಡಿರಲಿಲ್ಲ. ಭೂಮಿಯ ಮೇಲೆ ಮನುಷ್ಯರು ಯಾರೂ ಇಲ್ಲ. ಕಸ ಜಾಸ್ತಿಯಾಗಿ, ಬದುಕಲು ಆಗದೆ, ಎಲ್ಲರೂ ದೊಡ್ಡ ಹಡಗು ಹತ್ತಿ ಆಕಾಶಕ್ಕೆ ಹೋಗಿಬಿಟ್ಟಿದ್ದಾರೆ. ಐದು ವರ್ಷದಲ್ಲಿ ಕಸ ತೆಗೆದು ಮುಗಿಯುತ್ತದೆ, ಅಷ್ಟರಲ್ಲಿ ಸುತ್ತಾಡಿ ಬನ್ನಿ ಎಂದು ಕಳಿಸಿದ್ದು. ಐದು ಹೋಗಿ ಏಳುನೂರು ವರ್ಷವಾಗಿದೆ. ನಮ್ಮ ಓಣಿಯ ಗಟಾರದ ಕೆಲಸ ನೋಡಿದವರಿಗೆ ಇದರಲ್ಲಿ ಆಶ್ಚರ್ಯ ಏನೂ ಅನ್ನಿಸುವುದಿಲ್ಲ. ಕೆಳಗೆ ಉಳಿದವನು ಒಬ್ಬನೇ, ಕಸ ಒತ್ತಿ ಚೌಕ ಮಾಡಿ ಪೇರಿಸುವ ಒಂದು ಪುಟ್ಟ ಯಂತ್ರ. ಅವನೇ ವಾಲ್-ಇ. ಎಲ್ಲರೂ ಭೂಮಿ ಬಿಟ್ಟು ಹೋದರು, ಕೊನೆಯ ಯಂತ್ರವನ್ನು ಬಂದ್ ಮಾಡಲು ಮರೆತರು, ಆಗ ಏನಾದೀತು? ಈ ಸಿನಿಮಾದವರು 1994ರಲ್ಲಿ ಒಂದು ಮಧ್ಯಾಹ್ನದ ಊಟದ ಹೊತ್ತಿಗೆ ಹಿಡಿದ ಎಳೆ ಇಷ್ಟೇ.

ಈ ಯಂತ್ರ ಕಸ ಒತ್ತುವುದರ ಜೊತೆಗೆ ಕಸ ಆರಿಸುತ್ತದೆ ಕೂಡ. ಸಂಜೆ ಮನೆಗೆ ಬಂದು ಆರಿಸಿದ್ದನ್ನೆಲ್ಲ ಕಪಾಟಿನಲ್ಲಿ ಜೋಡಿಸಿ ಇಡುತ್ತದೆ. ಚಮಚ ಒಂದು ಕಡೆ, ಮುಳ್ಳು ಚಮಚ ಇನ್ನೊಂದು ಕಡೆ. ಒಂದು ದಿನ ಎರಡೂ ಅಲ್ಲದ, ಎರಡೂ ಆಗಿರುವ ಒಂದು ಚಮಚ ಸಿಗುತ್ತದೆ. ಅತ್ತ ಇಡಲು ಹೋಗುತ್ತಾನೆ, ಇತ್ತ ಇಡಲು ಹೋಗುತ್ತಾನೆ, ಕೊನೆಗೆ ಎರಡರ ನಡುವೆ ಇಡುತ್ತಾನೆ.

ನಾನು ಸೋಫಾದಲ್ಲಿ ನೆಟ್ಟಗೆ ಕೂತೆ.

ಆಮೇಲೆ ಅವನಿಗೆ ಕಸದಲ್ಲಿ ಒಂದು ಪುಟ್ಟ ಡಬ್ಬಿ ಸಿಗುತ್ತದೆ. ತೆರೆದರೆ ಒಳಗೆ ವಜ್ರದ ಉಂಗುರ. ಉಂಗುರ ತೆಗೆದು ಆಚೆ ಎಸೆದ. ಡಬ್ಬಿ ಇಟ್ಟುಕೊಂಡ. ಮುಚ್ಚಳ ತೆರೆದ, ಮುಚ್ಚಿದ, ಮತ್ತೆ ತೆರೆದ. ಅದರ ಟಪ್ ಎನ್ನುವ ಸದ್ದಿಗೇ ಖುಷಿಪಟ್ಟ.

"ಅಯ್ಯ ಹುಚ್ಚ್ ಖೋಡಿ!" ಎಂದಳು ಹೆಂಡತಿ. ವಜ್ರ ಕಸಕ್ಕೆ ಹೋದದ್ದು ಅವಳಿಗೆ ನಿಜವಾಗಿಯೂ ಸಂಕಟ ತಂದಿತ್ತು.

"ಅಪ್ಪಾ, ಥೇಟ್ ಅಜ್ಜ" ಎಂದಳು ಮಗಳು.

ಅವನಿಗೆ ಜೊತೆ ಇರುವುದು ಒಂದೇ ಒಂದು ಜಿರಲೆ. ಏಳುನೂರು ವರ್ಷದಲ್ಲಿ ಎಲ್ಲ ಹೋದರೂ ಜೊಂಡಿಗ್ಯಾ ಉಳಿದಿದೆ ಎಂಬುದನ್ನು ನಮ್ಮ ಮನೆಯಲ್ಲಿ ಯಾರೂ ಪ್ರಶ್ನೆ ಮಾಡಲಿಲ್ಲ. ಅದು ಪರದೆಯ ಮೇಲೆ ಬಂದಾಗಲೆಲ್ಲ ಹೆಂಡತಿ ಕಾಲು ಮೇಲೆ ಎತ್ತಿಕೊಳ್ಳುತ್ತಿದ್ದಳು, ಅಷ್ಟೇ. ಅದನ್ನು ನೋಡಿ ಕಣ್ಣು ಒದ್ದೆ ಮಾಡಿಕೊಂಡವಳೂ ಅವಳೇ, ಆದರೆ ಅದು ಕೊನೆಯಲ್ಲಿ.

ಆಮೇಲೆ ಆಕಾಶದಿಂದ ಅವಳು ಬರುತ್ತಾಳೆ. ಅವಳೂ ಯಂತ್ರವೇ. ಬಿಳಿ, ನುಣುಪು, ಗಾಳಿಯಲ್ಲೇ ತೇಲುವವಳು. ಕೈಯಲ್ಲಿ ಬಂದೂಕು. ಭೂಮಿಯ ಮೇಲೆ ಒಂದಾದರೂ ಗಿಡ ಹುಟ್ಟಿದೆಯಾ ನೋಡಿ ಬಾ ಎಂದು ಕಳಿಸಿದವಳು. ಹೆಸರು ಈವ್. ಆದರೆ ಇವನ ಬಾಯಿಗೆ ಅದು ಸರಿಯಾಗಿ ಬರುವುದಿಲ್ಲ. "ಈವಾ" ಅನ್ನುತ್ತಾನೆ. ಸಿನಿಮಾ ಮುಗಿಯುವವರೆಗೂ ಈವಾ, ಈವಾ.

ಅಷ್ಟು ಹೊತ್ತು ಸುಮ್ನೆ ಕೂತಿದ್ದ ಅವ್ವ ಕೇಳಿದಳು, "ಅಕಿ ಹೆಣ್ಣಲ್ಲೇನ? ಮತ್ಯಾಕ 'ಇಂವಾ, ಇಂವಾ' ಅಂತಾನ?"

ಮಗಳು ನಕ್ಕು ನಕ್ಕು ಸಿನಿಮಾ ನಿಲ್ಲಿಸಬೇಕಾಯಿತು. ಅದು ಅವಳ ಹೆಸರು ಎಂದು ಬಿಡಿಸಿ ಹೇಳಿದಳು. ಅವ್ವನಿಗೆ ಒಪ್ಪಿಗೆಯಾಗಲಿಲ್ಲ. "ಹೆಸರು ಹಿಡದ್ ಅಷ್ಟ್ ಸಲ ಕರೀತಾರೇನ?" ಎಂದಳು. ಅವ್ವ ಅಪ್ಪನ ಜೊತೆ ನಲವತ್ತೆಂಟು ವರ್ಷ ಸಂಸಾರ ಮಾಡಿದವಳು. ಮದುವೆ ಮನೆಗಳಲ್ಲಿ ಎಲ್ಲರೂ ಒತ್ತಾಯ ಮಾಡಿದಾಗ ಒಡಪಿನೊಳಗೆ ಒಂದು ಸಲ ಹೆಸರು ಹೇಳಿ ಸೆರಗು ಬಾಯಿಗೆ ಹಿಡಿಯುತ್ತಿದ್ದಳು. ಉಳಿದಂತೆ ಅಪ್ಪನನ್ನು ಕರೆಯುವುದು "ಇಲ್ನೋಡ್ರಿ" ಎಂದೇ. ಇಲ್ಲಿ ನೋಡಿದರೆ ಇವನಿಗೆ ಗೊತ್ತಿರುವ ಮಾತೇ ನಾಲ್ಕೈದು, ಅದರಲ್ಲಿ ಒಂದು ಅವಳ ಹೆಸರು. ಎರಡೂ ಸಂಸಾರದಲ್ಲಿ ಮಾತಿನ ಖರ್ಚು ಕಡಿಮೆ ಎನ್ನುವುದು ಮಾತ್ರ ಒಂದೇ.

ಮೊದಲ ಅರ್ಧ ಗಂಟೆಯಲ್ಲಂತೂ ಮಾತೇ ಇಲ್ಲ ಎನ್ನಬಹುದು. ಎಲ್ಲ ಕಣ್ಣಿನಲ್ಲಿ ಮತ್ತು ಸದ್ದಿನಲ್ಲಿ. ಆ ಕಣ್ಣಿನ ಕಥೆ ಚೆನ್ನಾಗಿದೆ. ನಿರ್ದೇಶಕ ಆಂಡ್ರ್ಯೂ ಸ್ಟಾಂಟನ್ ಒಮ್ಮೆ ಬೇಸ್‌ಬಾಲ್ ಆಟ ನೋಡಲು ಹೋಗಿದ್ದರಂತೆ. ಯಾರದೋ ದುರ್ಬೀನು ಕೈಗೆ ಬಂತು. ಅದನ್ನು ತಿರುಗಿಸಿ ತಮ್ಮ ಕಡೆ ಮಾಡಿಕೊಂಡು, ನಡುವೆ ಮಡಚಿದರೆ ಅದು ಅಳುತ್ತಿರುವ ಹಾಗೆ, ಬಿಡಿಸಿದರೆ ನಗುತ್ತಿರುವ ಹಾಗೆ ಕಂಡಿತು. ಅದರಲ್ಲೇ ಮುಳುಗಿ ಎದುರಿನ ಆಟ ಬಿಟ್ಟೇಹೋಯಿತು. ಸದ್ದಿನದೂ ಹಾಗೇ. ಬೆನ್ ಬರ್ಟ್ ಎಂಬ ಸದ್ದಿನ ಗಾರುಡಿಗ, ವಾಲ್-ಇ ಓಡಾಡುವ ಸದ್ದನ್ನು ತೆಗೆದದ್ದು ಕೈಯಿಂದ ತಿರುಗಿಸುವ ಹಳೆಯ ಜನರೇಟರಿನಿಂದ. ಅಪ್ಪ ಕೇಳಿದ್ದರೆ ಅದರ ಬೇರಿಂಗಿಗೆ ಎಣ್ಣೆ ಬಿಡಬೇಕು ಅನ್ನುತ್ತಿದ್ದರು.

ಇವನು ಅವಳಿಗೆ ತನ್ನ ಕಪಾಟನ್ನೆಲ್ಲ ತೋರಿಸುತ್ತಾನೆ. ಹೆಣ್ಣು ನೋಡಲು ಬಂದವರಿಗೆ ಟ್ರಂಕು ಬಿಚ್ಚಿ ತೋರಿಸಿದ ಹಾಗೆ. 1969ರ ಒಂದು ಹಾಡಿನ ಸಿನಿಮಾದ ಕ್ಯಾಸೆಟ್ಟು ಅವನ ಹತ್ತಿರ ಇದೆ. ಅದರಲ್ಲಿ ಇಬ್ಬರು ಕೈ ಕೈ ಹಿಡಿದುಕೊಳ್ಳುವುದನ್ನು ನೋಡಿ ನೋಡಿ, ಪ್ರೀತಿ ಅಂದರೆ ಇದೇ ಇರಬೇಕು ಎಂದು ಕಲಿತಿದ್ದಾನೆ. ಕೊನೆಗೆ ಒಂದು ಹಳೆಯ ಫ್ರಿಜ್ಜಿನೊಳಗೆ ಸಿಕ್ಕ ಪುಟ್ಟ ಸಸಿಯನ್ನೂ ತೋರಿಸುತ್ತಾನೆ. ಅದನ್ನು ಹರಿದ ಬೂಟಿನಲ್ಲಿ ಮಣ್ಣು ಹಾಕಿ ಇಟ್ಟಿರುತ್ತಾನೆ.

"ಬೂಟನ್ಯಾಗ ಯಾಕಿಟ್ಟಾನ? ಅಷ್ಟ್ ಕಸದಾಗ ಒಂದ್ ಡಬ್ಬಿ ಸಿಗಲಿಲ್ಲೇನ?" ಎಂದಳು ಅವ್ವ. ನಮ್ಮ ಮನೆಯ ಮಾಳಿಗೆ ಮೇಲೆ ಎಣ್ಣೆ ಡಬ್ಬಿಯಲ್ಲಿ ತುಳಸಿ ಇದೆ, ಬಣ್ಣದ ಡಬ್ಬಿಯಲ್ಲಿ ದುಂಡುಮಲ್ಲಿಗೆ ಇದೆ, ಸೀಳಿದ ಬಕೆಟ್ಟಿನಲ್ಲಿ ಪುದೀನಾ ಇದೆ. ಅಲ್ಲಿಂದ ಮುಂದೆ ಹಡಗು ಹಾರಲಿ, ಗುಂಡು ಹೊಡೆಯಲಿ, ಅವ್ವನ ಕಣ್ಣು ಸಸಿ ಬಿಟ್ಟು ಕದಲಲಿಲ್ಲ. ಹತ್ತು ನಿಮಿಷಕ್ಕೊಮ್ಮೆ "ನೀರ್ ಹಾಕಿದ್ರೇನ ಅದಕ್ಕ?" ಎಂದು ಕೇಳುತ್ತಿದ್ದಳು.

ಈ ಸಿನಿಮಾ ಪರಿಸರದ ಪಾಠ ಹೇಳುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸ್ಟಾಂಟನ್ ಮಾತ್ರ ತಾನು ಹೇಳಲು ಹೊರಟದ್ದು ಪ್ರೀತಿಯ ಕಥೆ ಎಂದೇ ಹೇಳಿಕೊಂಡು ಬಂದಿದ್ದಾರೆ. ನನಗೆ ಅವರ ಮಾತೇ ಸರಿ ಅನ್ನಿಸುತ್ತದೆ. ನಮ್ಮ ಓಣಿಗೆ ದಿನಾ ಬೆಳಿಗ್ಗೆ ಕಸದ ಗಾಡಿ ಬರುತ್ತದೆ. ಹಸಿ ಕಸ ಬೇರೆ ಮಾಡಿ, ಒಣ ಕಸ ಬೇರೆ ಮಾಡಿ ಎಂದು ಸ್ಪೀಕರಿನಲ್ಲಿ ಕೂಗುತ್ತಲೇ ಇರುತ್ತದೆ. ನಾವೆಲ್ಲ ಅದನ್ನು ಕೇಳುತ್ತಲೇ ಎರಡನ್ನೂ ಒಂದೇ ಬಕೆಟ್ಟಿನಲ್ಲಿ ಒಯ್ಯುತ್ತೇವೆ. ಬೇರೆ ಮಾಡಬೇಕಾದರೆ ಕಸವನ್ನು ಎರಡನೇ ಸಲ ನೋಡಬೇಕಲ್ಲ, ಅದೇ ಬೇಜಾರು. ವಾಲ್-ಇ ಏಳುನೂರು ವರ್ಷ ಮಾಡಿದ್ದು ಅದೊಂದೇ ಕೆಲಸ, ಎರಡನೇ ಸಲ ನೋಡುವುದು. ಬಿಸಾಕಿದ ಚಮಚವನ್ನು ಅಷ್ಟು ಹೊತ್ತು ನೋಡಿದವನಿಗೆ ಒಬ್ಬಳನ್ನು ಪ್ರೀತಿ ಮಾಡಲು ಬೇರೆ ತಯಾರಿ ಬೇಕಾಗಲಿಲ್ಲ.

ಸಸಿಯ ಜೊತೆ ಕಥೆಯೂ ಆ ಜನರ ಹಡಗಿಗೆ ಹೋಗುತ್ತದೆ. ಹಡಗಿನ ಮೇಲಿನ ಅರ್ಧ ನನಗೆ ಅಷ್ಟು ಹಿಡಿಸಲಿಲ್ಲ. ಓಟ, ಬೆನ್ನಟ್ಟುವುದು, ಗದ್ದಲ. ಆದರೆ ಅಲ್ಲೊಂದು ಚಿಕ್ಕ ದೃಶ್ಯವಿದೆ. ಅಲ್ಲಿಯ ಜನ ತೇಲುವ ಕುರ್ಚಿಯಿಂದ ಎದ್ದೇ ಇಲ್ಲ, ಕಣ್ಣೆದುರಿಗೆ ಸದಾ ಒಂದು ಪರದೆ. ಒಬ್ಬ ಹೆಂಗಸಿನ ಪರದೆ ಕೆಟ್ಟು ಬಂದ್ ಆಗುತ್ತದೆ. ಆಗ ಸುತ್ತ ನೋಡಿ, ಇಲ್ಲಿ ಈಜುಕೊಳ ಇದೆಯಾ, ನನಗೆ ಗೊತ್ತೇ ಇರಲಿಲ್ಲ ಅನ್ನುತ್ತಾಳೆ. ನಾನು ದಿನಾ ಚಿಗರಿ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬರುವವನು. ಉಣಕಲ್ ಕೆರೆ ಬಂದು ಹೋಗುತ್ತದೆ. ಕೆರೆಯ ನಡುವೆ ವಿವೇಕಾನಂದರು ನಿಂತಿರುತ್ತಾರೆ, ಸುತ್ತ ಅಂತರಗಂಗೆ ಹಬ್ಬಿರುತ್ತದೆ, ಮತ್ತೊಮ್ಮೆ ತೆಗೆದಿರುತ್ತಾರೆ, ಮತ್ತೆ ಹಬ್ಬುತ್ತದೆ. ಬಸ್ಸಿನಲ್ಲಿ ಎಲ್ಲರ ತಲೆ ಕೆಳಗೆ. ಮೊನ್ನೆ ಮೊಬೈಲು ಚಾರ್ಜ್ ಮುಗಿದು ಹೊರಗೆ ನೋಡಿದೆ. ನವನಗರ ದಾಟಿದ ಮೇಲೂ, ಕೆರೆ ಯಾವಾಗ ಹೋಯಿತು ಎಂದು ಹುಡುಕುತ್ತಿದ್ದೆ.

ಕೊನೆಗೆ ಗಿಡ ಭೂಮಿಗೆ ಬರುತ್ತದೆ. ಹಡಗಿನ ಕ್ಯಾಪ್ಟನ್ ಮಕ್ಕಳಿಗೆ ಬೇಸಾಯ ಕಲಿಸಲು ನಿಲ್ಲುತ್ತಾನೆ. ತರಕಾರಿ ಗಿಡ ಬೆಳೆಯೋಣ, ಪಿಜ್ಜಾ ಗಿಡ ಬೆಳೆಯೋಣ ಅನ್ನುತ್ತಾನೆ. ನಕ್ಕೆವು. ಪಕ್ಕದ ಮನೆಯ ಹುಡುಗ ಒಮ್ಮೆ ಗಿರ್ಮಿಟ್ ತಿನ್ನುತ್ತ "ಚುರುಮುರಿ ಯಾವ ಗಿಡಕ್ಕ ಆಕ್ಕಾವ್ರಿ ಅಂಕಲ್?" ಎಂದು ಕೇಳಿದ್ದು ನೆನಪಾಯಿತು.

ಆದರೆ ಅದಕ್ಕೂ ಮೊದಲು, ಜಖಂ ಆದ ವಾಲ್-ಇಗೆ ಈವ್ ಹೊಸ ಭಾಗ ಹಾಕಿ ಎಬ್ಬಿಸುತ್ತಾಳೆ. ಎದ್ದವನಿಗೆ ಅವಳ ಗುರುತಿಲ್ಲ. ಯಂತ್ರದ ಹಾಗೆ ಹೋಗಿ ತನ್ನದೇ ಸಾಮಾನನ್ನು ಹೊಟ್ಟೆಯೊಳಗೆ ತುಂಬಿ ಒತ್ತಿ ಚೌಕ ಮಾಡುತ್ತಾನೆ. ಜಿರಲೆಯ ಮೇಲೆ ಹಾದು ಹೋಗುತ್ತಾನೆ. ಹೆಂಡತಿ ಕಣ್ಣು ಒರೆಸಿಕೊಂಡದ್ದು ಆಗ. ಬಾಗಿಲ ಹತ್ತಿರ ಇದ್ದ ಡಬ್ಬಿಯ ಕಡೆ ಒಮ್ಮೆ ನೋಡಿದಳು ಕೂಡ. ನಾನು ಆಸೆಯಿಂದ ಕಾದೆ. "ನಾಳೆ ಮರೀಬ್ಯಾಡ್ರಿ ಮತ್ತ" ಎಂದಳು.

ಮರುದಿನ ಹಳೇ ಹುಬ್ಬಳ್ಳಿಯ ಮೋಡ್ಕಾ ಅಂಗಡಿಗೆ ಹೋದೆ. ಒಂದು ಕಡೆ ರಟ್ಟು, ಒಂದು ಕಡೆ ಬಾಟ್ಲಿ, ಒಂದು ಕಡೆ ತಗಡು, ಮೂಲೆಯಲ್ಲಿ ರದ್ದಿ. ನಡುವೆ ಅರವತ್ತರ ಆಸುಪಾಸಿನ ಮಾಲೀಕ. ಅವನ ತಲೆಯ ಮೇಲೆ ಮೋಡ್ಕಾದಿಂದಲೇ ಎದ್ದ ಒಂದು ಫ್ಯಾನು ತಿರುಗುತ್ತಿತ್ತು. ಮೇಜಿನ ಮೇಲೆ ರಬ್ಬರ್ ಸುತ್ತಿದ ರೇಡಿಯೊ. ಅದರ ಪಕ್ಕದಲ್ಲಿ ಕಿವಿ ಮುರಿದ ಪಿಂಗಾಣಿ ಮೊಲ.

ಡಬ್ಬಿಯನ್ನು ಗೋಣಿಚೀಲದ ಮೇಲೆ ಬೋರಲು ಹಾಕಿದ. ದಾರಕ್ಕೆ ಕಟ್ಟಿದ ಮ್ಯಾಗ್ನೆಟ್ಟನ್ನು ಮೇಲಿಂದ ಎಳೆದ. ಬಹುಪಾಲು ಅದಕ್ಕೇ ಹತ್ತಿಕೊಂಡವು. "ಹಿತ್ತಾಳಿ ಅನ್ನೂದು ಒಂದ್ ಎರಡು ಕೀಲಿಕೈ ಅಷ್ಟ. ಉಳದದ್ದೆಲ್ಲಾ ಕಬ್ಬಣ. ಕಿಲೋನೂ ತೂಗೂದಿಲ್ರಿ ಸರ" ಎಂದ. ಕಾಲರ್ ನಟ್ಟನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಕೆಳಗೆ ಇಟ್ಟ. ಆಮೇಲೆ ಖಾಲಿ ಡಬ್ಬಿಯನ್ನು ಎತ್ತಿಕೊಂಡ. ಮುಚ್ಚಳದ ಮೇಲಿನ ಮಾಸಿದ ಗುಲಾಬಿಯನ್ನು ಹೆಬ್ಬೆರಳಿನಿಂದ ಒರೆಸಿದ. ತೆರೆದ. ಮುಚ್ಚಿದ. ಟಪ್. ಮತ್ತೊಮ್ಮೆ ತೆರೆದ. ಟಪ್.

"ಸರ, ಒಂದ್ ಕೆಲಸ ಮಾಡ್ರಿ" ಎಂದ. "ಸಾಮಾನು ನೀವ ಒಯ್ರಿ. ಇದನ್ನ ನನಗ ಕೊಡ್ರಿ. ಚಿಲ್ರೆ ಇಡಾಕ ಬರೋಬ್ಬರಿ ಐತಿ."

ಚಹಾ ತರಿಸಿದ. ಕುಡಿದೆ. ನಟ್ಟು, ವಾಷರು, ಬೆಲ್ಲು, ಚಾಳೀಸಿನ ಕಾಲು ಎಲ್ಲವನ್ನೂ ಅವನೇ ಕೊಟ್ಟ ಒಂದು ಹಳೆಯ ಚೀಲದಲ್ಲಿ ತುಂಬಿಕೊಂಡು ಮನೆಗೆ ಬಂದೆ. ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. ಚೀಲ ನೋಡಿದಳು, ನನ್ನ ಇನ್ನೊಂದು ಕೈ ನೋಡಿದಳು.

"ಡಬ್ಬಿ ಎಲ್ಲೈತ್ರಿ?"